ಹೊಸ ಹುಟ್ಟು ಮತ್ತು ಹಳೆಯ ಲೆಕ್ಕ

ಲಂಡನ್ನಿನ ಸೇಂಟ್ ಮೇರಿ ವೂಲ್‌ನಾತ್ ಚರ್ಚಿನಲ್ಲಿ ಒಂದು ಕಲ್ಲಿನ ಫಲಕವಿದೆ. ಅಲ್ಲಿ ಸುಮಾರು 28 ವರ್ಷ ಪಾದ್ರಿಯಾಗಿದ್ದ ಜಾನ್ ನ್ಯೂಟನ್ ತನ್ನ ಸಾವಿಗೆ ಮೊದಲೇ ತನಗಾಗಿ ಬರೆದಿಟ್ಟ ಮಾತುಗಳು ಅದರಲ್ಲಿ ಕೆತ್ತಲ್ಪಟ್ಟಿವೆ. ತಾನು ಒಂದು ಕಾಲದಲ್ಲಿ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಗಿದ್ದೆ, ಆಫ್ರಿಕಾದಲ್ಲಿ ಗುಲಾಮರ ಸೇವಕನಾಗಿದ್ದೆ, ಯೇಸುವಿನ ಕರುಣೆಯಿಂದ ಉಳಿದೆ, ಕ್ಷಮೆ ಪಡೆದೆ, ಯಾವ ಧರ್ಮವನ್ನು ನಾಶ ಮಾಡಲು ದುಡಿದಿದ್ದೆನೋ ಅದನ್ನೇ ಬೋಧಿಸಲು ನೇಮಕಗೊಂಡೆ ಎಂಬುದು ಅದರ ಸಾರಾಂಶ. ಓದಿದವರ ಮನಸ್ಸು ಕರಗುತ್ತದೆ. ಆದರೆ ಇತಿಹಾಸ ಓದಿಕೊಂಡವರಿಗೆ ಅಲ್ಲೊಂದು ಪದ ಮುಳ್ಳಿನಂತೆ ತಾಗುತ್ತದೆ. ನ್ಯೂಟನ್ ಗುಲಾಮರ ಸೇವಕನಾಗಿದ್ದುದು ಸುಳ್ಳಲ್ಲ. ಆದರೆ ಅದು ಒಂದೆರಡು ವರ್ಷದ ಮಾತು. ಅದಕ್ಕಿಂತ ಹೆಚ್ಚು ಕಾಲ ಆತ ಗುಲಾಮರ ವ್ಯಾಪಾರಿಯಾಗಿದ್ದ. ಆ ಸಂಗತಿ ಕಲ್ಲಿನ ಮೇಲೆ ಬರಲಿಲ್ಲ.

ಪಾಪ ಮಾಡಿದ ಮನುಷ್ಯ ದೇವರ ಕಡೆಗೆ ತಿರುಗಿದರೆ ಅವನ ಹಿಂದಿನ ಬದುಕು ಏನಾಗುತ್ತದೆ? ಕ್ರೈಸ್ತ ಧರ್ಮ ಈ ಪ್ರಶ್ನೆಗೆ ಕೊಟ್ಟ ಉತ್ತರ ಬಹಳ ಧೈರ್ಯದ್ದು. ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಕ್ರಿಸ್ತನಲ್ಲಿ ಸೇರಿದವನು ಹೊಸ ಸೃಷ್ಟಿಯೇ ಆಗುತ್ತಾನೆ ಎಂದು ಹೇಳಿದ. ಹಳೆಯ ಮನುಷ್ಯನನ್ನು ತಿದ್ದುವುದಲ್ಲ, ಹೊಸ ಮನುಷ್ಯನನ್ನು ಹುಟ್ಟಿಸುವುದು. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗುವುದು ಸಾವು, ಏಳುವುದು ಮರುಹುಟ್ಟು. ಸೌಲನಾಗಿದ್ದವನು ಪೌಲನಾದ ಎಂದು ನಮ್ಮಲ್ಲೂ ಮಾತಿಗೆ ಹೇಳುವುದುಂಟು. ವಾಸ್ತವದಲ್ಲಿ ಹೆಸರು ಮತಾಂತರದಿಂದ ಬದಲಾದದ್ದಲ್ಲ. ಯಹೂದಿ ಹೆಸರು ಒಂದು, ರೋಮನ್ ಹೆಸರು ಒಂದು, ಎರಡೂ ಅವನವೇ. ಅದಕ್ಕಿಂತ ಮುಖ್ಯವಾದದ್ದು, ಹೊಸ ಸೃಷ್ಟಿಯ ಮಾತನಾಡಿದ ಈ ಪೌಲನೇ ತಾನು ಕ್ರೈಸ್ತರನ್ನು ಹಿಂಸಿಸಿದವನೆಂಬುದನ್ನು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಬರೆದುಕೊಂಡ. ದಮಸ್ಕದ ಅನನೀಯನಿಗೆ ಅವನ ಬಳಿ ಹೋಗಲು ಭಯವಾಯಿತು. ಜೆರುಸಲೇಮಿನ ವಿಶ್ವಾಸಿಗಳು ಅವನನ್ನು ಕೂಡಲೇ ನಂಬಲಿಲ್ಲ. ದೇವರು ಕ್ಷಮಿಸಿದಷ್ಟು ಬೇಗ ಏಟು ತಿಂದವರು ಮರೆಯುವುದಿಲ್ಲ ಎನ್ನುವುದು ಆ ಗ್ರಂಥದಲ್ಲೇ ಇದೆ.

ಈ ಬೋಧನೆಯನ್ನು ಗೇಲಿ ಮಾಡಿದವರೂ ಆರಂಭದಿಂದಲೇ ಇದ್ದರು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 326ರಲ್ಲಿ ತನ್ನ ಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ. ಅದೇ ವರ್ಷ ಹೆಂಡತಿ ಫೌಸ್ಟಾಳೂ ಸತ್ತಳು. ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯ ಮೇಲೆ. ಆ ನೀರು ಹಿಂದಿನದನ್ನೆಲ್ಲ ತೊಳೆಯುತ್ತದೆ ಎಂಬ ನಂಬಿಕೆಯಿಂದ ಕೊನೆಗಾಲದವರೆಗೆ ಕಾಯುವುದು ಆ ದಿನಗಳಲ್ಲಿ ಅಪರೂಪವಾಗಿರಲಿಲ್ಲ. ಅವನ ಮಲಸೋದರನ ಮಗ, ಹಳೆಯ ದೇವತೆಗಳ ಕಡೆಗೆ ಮರಳಿದ ಚಕ್ರವರ್ತಿ ಜೂಲಿಯನ್, ಒಂದು ವಿಡಂಬನೆಯನ್ನೇ ಬರೆದ. ಅದರಲ್ಲಿ ಯೇಸು ಕೊಲೆಗಡುಕರನ್ನೂ ಕಾಮುಕರನ್ನೂ ಕೂಗಿ ಕರೆದು, ಬನ್ನಿ ತೊಳೆದು ಕಳಿಸುತ್ತೇನೆ ಎನ್ನುತ್ತಾನೆ. ಕಾನ್‌ಸ್ಟಂಟೈನ್ ಓಡಿ ಹೋಗುತ್ತಾನೆ. ಬೇರೆಲ್ಲೂ ಸಿಗದ ಪಾಪವಿಮೋಚನೆ ಇಲ್ಲಿ ಸಿಗುತ್ತದೆಂದೇ ಆತ ಕ್ರೈಸ್ತನಾದ ಎಂದು ಮುಂದೆ ಝೋಸಿಮಸ್ ಎಂಬ ಇತಿಹಾಸಕಾರ ಬರೆದ. ಆದರೆ ಕಾನ್‌ಸ್ಟಂಟೈನ್ ಕ್ರೈಸ್ತರ ಪರವಾಗಿ ನಿಂತದ್ದು ಆ ಸಾವುಗಳಿಗಿಂತ ಹದಿಮೂರು ಹದಿನಾಲ್ಕು ವರ್ಷ ಮೊದಲೇ. ಹೀಗಾಗಿ ಝೋಸಿಮಸ್‌ನ ಮಾತು ನಿಲ್ಲುವುದಿಲ್ಲ. ಜೂಲಿಯನ್ನನ ಪ್ರಶ್ನೆ ಮಾತ್ರ ನಿಲ್ಲುತ್ತದೆ.

ಆ ಪ್ರಶ್ನೆಯನ್ನು ನ್ಯೂಟನ್ನನ ಬದುಕಿನಷ್ಟು ಸ್ಪಷ್ಟವಾಗಿ ಬೇರೆ ಯಾವ ಬದುಕೂ ನಮ್ಮ ಮುಂದೆ ಇಡುವುದಿಲ್ಲ. ಏಕೆಂದರೆ ಆತ ಎಲ್ಲವನ್ನೂ ಬರೆದಿಟ್ಟ. ಹಡಗಿನ ದಿನಚರಿ, ಹೆಂಡತಿಗೆ ಬರೆದ ಪತ್ರಗಳು, ಆತ್ಮಕಥೆ ಎಲ್ಲವೂ ಉಳಿದಿವೆ.

ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್ ಎಂಬ ಬಂದರು ಬಡಾವಣೆಯಲ್ಲಿ. ತಂದೆ ಹಡಗಿನ ಕಪ್ತಾನ. ಮಗನಿಗೆ ಏಳು ತುಂಬುವ ಮೊದಲೇ ದೈವಭಕ್ತೆಯಾಗಿದ್ದ ತಾಯಿ ಕ್ಷಯದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗ ಸಮುದ್ರಕ್ಕಿಳಿದ. 1744ರಲ್ಲಿ ನೌಕಾಪಡೆಯವರು ಬಲವಂತವಾಗಿ ಹಿಡಿದು 'ಹಾರ್ವಿಚ್' ಎಂಬ ಯುದ್ಧನೌಕೆಗೆ ಹಾಕಿದರು. ಓಡಿಹೋಗಿ ಸಿಕ್ಕಿಬಿದ್ದ. ಎಲ್ಲರ ಮುಂದೆ ಚಾಟಿಯೇಟು ತಿಂದ. ಆ ಹಡಗು ಹೊರಟಿದ್ದುದು ನಮ್ಮ ಕಡೆಗೆ, ಈಸ್ಟ್ ಇಂಡೀಸ್‌ಗೆ. ದಾರಿಯಲ್ಲಿ ಮಡೀರಾ ದ್ವೀಪದಲ್ಲಿ ನ್ಯೂಟನ್ ಹಡಗು ಬದಲಿಸಿ ಪಶ್ಚಿಮ ಆಫ್ರಿಕಾದತ್ತ ಹೋಗುವ ಗುಲಾಮರ ಹಡಗು ಹತ್ತಿದ. ಇಲ್ಲವಾಗಿದ್ದರೆ ಆತ ಕಂಪೆನಿ ಕಾಲದ ಮದ್ರಾಸಿನ ಮಣ್ಣಿನಲ್ಲಿ ಹೆಸರಿಲ್ಲದ ಸಿಪಾಯಿಯಾಗಿ ಮಲಗುತ್ತಿದ್ದನೋ ಏನೋ.

ಸಿಯೆರಾ ಲಿಯೋನ್ ಕರಾವಳಿಯ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ಗುಲಾಮ ವ್ಯಾಪಾರಿಯ ಕೈಕೆಳಗೆ ಆತ ಕೆಲಸಕ್ಕೆ ಸೇರಿದ. ಜ್ವರ ಹಿಡಿಯಿತು. ಧಣಿಯ ಆಫ್ರಿಕನ್ ಸಂಗಾತಿಗೆ ಈ ಹುಡುಗನ ಮೇಲೆ ಅದೇನು ಕೋಪವೋ, ಅನ್ನ ನೀರಿಗೂ ಕಷ್ಟಪಡಿಸಿದಳು. ಬಟ್ಟೆಯಿಲ್ಲದೆ, ರಾತ್ರಿ ಹೊಲದಲ್ಲಿ ಗೆಡ್ಡೆ ಅಗೆದು ಹಸಿಯಾಗಿ ತಿನ್ನುವ ಸ್ಥಿತಿ ಬಂತು. ಕೈಯಲ್ಲಿ ಉಳಿದದ್ದು ಯೂಕ್ಲಿಡ್‌ನ ರೇಖಾಗಣಿತದ ಒಂದು ಪುಸ್ತಕ. ಕಡಲ ದಡದ ಮರಳಿನ ಮೇಲೆ ಕೋಲಿನಿಂದ ಚಿತ್ರ ಬರೆದು ಅದನ್ನು ಕಲಿಯುತ್ತಿದ್ದ.

ಇಲ್ಲಿ ಒಂದು ಸಂಗತಿ ನಡೆಯಿತು. ಮಾರಾಟಕ್ಕೆಂದು ಸರಪಳಿಯಲ್ಲಿ ಕಟ್ಟಿ ಹಾಕಿದ್ದ ಗುಲಾಮರು ತಮಗೆ ಸಿಕ್ಕ ಹಿಡಿ ಅನ್ನದಲ್ಲೇ ಒಂದಿಷ್ಟು ತೆಗೆದು, ಯಾರಿಗೂ ಕಾಣದಂತೆ ಈ ಬಿಳಿ ಹುಡುಗನಿಗೆ ಕೊಟ್ಟರು. ಕಂಡರೆ ಅವರಿಗೆ ಶಿಕ್ಷೆಯಿತ್ತು. ಇದನ್ನು ನಾವು ಕಟ್ಟಿ ಹೇಳುತ್ತಿಲ್ಲ, ನ್ಯೂಟನ್ನೇ 1764ರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಂದು ವಾಕ್ಯದಲ್ಲಿ ಬರೆದು ಮುಂದಕ್ಕೆ ಹೋಗಿದ್ದಾನೆ. ಕತೆ ಬರೆಯುವ ನಮಗೆ ಆ ವಾಕ್ಯವನ್ನು ದಾಟಿ ಹೋಗುವುದು ಕಷ್ಟ. ಆ ಅನ್ನ ಕೊಟ್ಟವರು ಯಾರು? ಯಾವ ಹಡಗಿನಲ್ಲಿ ಯಾವ ದ್ವೀಪಕ್ಕೆ ಹೋದರು? ಅವರಲ್ಲಿ ಬಿಸ್ಮಿಲ್ಲಾ ಎಂದು ತುತ್ತು ಎತ್ತುತ್ತಿದ್ದವರೂ ಇದ್ದರೇ? ಆ ಕರಾವಳಿಯ ಒಳನಾಡಿನಲ್ಲಿ ಮುಸ್ಲಿಮರ ಊರುಗಳಿದ್ದವು, ಇರಲೂ ಸಾಕು.

1748ರ ಮಾರ್ಚ್‌ನಲ್ಲಿ, ತಂದೆಯ ಸ್ನೇಹಿತನೊಬ್ಬ ಕಳಿಸಿದ 'ಗ್ರೇಹೌಂಡ್' ಹಡಗಿನಲ್ಲಿ ಊರಿಗೆ ಮರಳುವಾಗ ಅಟ್ಲಾಂಟಿಕ್ ನಡುವೆ ಬಿರುಗಾಳಿ ಎದ್ದಿತು. ಹಡಗಿನ ಒಂದು ಬದಿ ಕಿತ್ತುಹೋಯಿತು. ಸರಕಿನಲ್ಲಿ ಜೇನುಮೇಣ ಮತ್ತು ಹಗುರ ಮರ ಇದ್ದುದರಿಂದ ತೇಲಿಕೊಂಡು ಉಳಿಯಿತು. ದೇವದೂಷಣೆಯಲ್ಲಿ ನಾವಿಕರನ್ನೇ ನಾಚಿಸುತ್ತಿದ್ದ 22ರ ಯುವಕನ ಬಾಯಿಂದ ಅಂದು ಮೊದಲ ಬಾರಿಗೆ ದೇವರೇ ಕರುಣಿಸು ಎಂಬ ಮಾತು ಬಂತು. ಆ ದಿನವನ್ನು ಆತ ಸಾಯುವವರೆಗೂ ಪ್ರತಿವರ್ಷ ಪ್ರಾರ್ಥನೆಯಲ್ಲಿ ಕಳೆದ. ಅವನ ಮಟ್ಟಿಗೆ ಅದೇ ಹೊಸ ಹುಟ್ಟು.

ಬಹಳ ಜನ ಕತೆಯನ್ನು ಇಲ್ಲಿಗೆ ಮುಗಿಸಿಬಿಡುತ್ತಾರೆ. ಬಿರುಗಾಳಿ, ಪಶ್ಚಾತ್ತಾಪ, 'ಅಮೇಜಿಂಗ್ ಗ್ರೇಸ್' ಎಂಬ ಹಾಡು, ಗುಲಾಮಗಿರಿಯ ವಿರುದ್ಧ ಹೋರಾಟ, ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಂತೆ. ನಡೆದದ್ದು ಹಾಗಲ್ಲ. ಬಿರುಗಾಳಿಯಿಂದ ಬದುಕಿ ಬಂದ ಅದೇ ವರ್ಷ ಆತ 'ಬ್ರೌನ್‌ಲೋ' ಎಂಬ ಗುಲಾಮರ ಹಡಗಿನಲ್ಲಿ ಮುಖ್ಯ ಸಹಾಯಕನಾಗಿ ಮತ್ತೆ ಆಫ್ರಿಕಾಕ್ಕೆ ಹೋದ. 1750ರಿಂದ 1754ರವರೆಗೆ ಮೂರು ಬಾರಿ ಸ್ವತಃ ಕಪ್ತಾನನಾಗಿ ಗುಲಾಮರನ್ನು ಕೊಂಡು ಅಟ್ಲಾಂಟಿಕ್ ದಾಟಿಸಿದ. ಈ ಹೊತ್ತಿಗೆ ಆತ ಭಕ್ತ. ಭಾನುವಾರ ನಾವಿಕರನ್ನು ಸೇರಿಸಿ ಪ್ರಾರ್ಥನೆ ಓದಿಸುತ್ತಿದ್ದ. ಮೇಲಟ್ಟದಲ್ಲಿ ಪ್ರಾರ್ಥನೆ, ಕೆಳಗೆ ಕಪಾಟಿನಲ್ಲಿ ಪುಸ್ತಕ ಜೋಡಿಸಿದಂತೆ ಒತ್ತೊತ್ತಾಗಿ ಮಲಗಿಸಿದ ಮನುಷ್ಯರು. ಪುಸ್ತಕದ ಈ ಹೋಲಿಕೆಯೂ ನ್ಯೂಟನ್ನನದೇ, ಎಷ್ಟೋ ವರ್ಷದ ಮೇಲೆ ಬರೆದದ್ದು.

ಅವನ ದಿನಚರಿಯಲ್ಲಿ ಸತ್ತ ಗುಲಾಮರಿಗೆ ಹೆಸರಿಲ್ಲ, ಸಂಖ್ಯೆಯಿದೆ. 1752ರ ಡಿಸೆಂಬರಿನಲ್ಲಿ 'ಆಫ್ರಿಕನ್' ಎಂಬ ಹಡಗಿನಲ್ಲಿ ಗುಲಾಮರು ದಂಗೆಗೆ ಸಿದ್ಧವಾಗುತ್ತಿದ್ದುದು ಗೊತ್ತಾಯಿತು. ದೇವರ ದಯೆಯಿಂದ ಸಕಾಲಕ್ಕೆ ತಿಳಿಯಿತು ಎಂದು ಬರೆದುಕೊಂಡ ಕಪ್ತಾನ, ಹುಡುಗರ ಬೆರಳುಗಳನ್ನು ತಿರುಪಿನ ಯಂತ್ರಕ್ಕೆ ಸಿಕ್ಕಿಸಿ ಬಾಯಿ ಬಿಡಿಸಿದ. ಮೂರನೆಯ ಯಾನದಲ್ಲಿ ಒಬ್ಬರೂ ಸಾಯದೆ ಮರಳಿದಾಗ ಲಿವರ್‌ಪೂಲ್‌ನ ಚರ್ಚುಗಳಲ್ಲಿ ಕೃತಜ್ಞತೆ ಸಲ್ಲಿಸಿದ. ತನ್ನ ಕಸುಬು ತಪ್ಪೆಂಬ ಅನುಮಾನ ಆಗ ಕಿಂಚಿತ್ತೂ ಬಂದಿರಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ಕಸುಬು ಬಿಟ್ಟದ್ದು ಕೂಡ ಮನಸ್ಸಾಕ್ಷಿಯ ಕಾರಣಕ್ಕಲ್ಲ. 1754ರಲ್ಲಿ ಹಠಾತ್ತನೆ ಮೂರ್ಛೆ ಬಂದು, ಸಮುದ್ರಯಾನ ಬೇಡವೆಂದು ವೈದ್ಯರು ಹೇಳಿದ್ದಕ್ಕೆ.

ಇಲ್ಲಿ ಆತನನ್ನು ಕಪಟಿ ಎಂದು ಬೈದು ಮುಗಿಸುವುದು ಸುಲಭ. ಹಾಗೆ ಬೈಯಲು ನಮಗೆ ಮನಸ್ಸಿಲ್ಲ. ಆತ ಕಪಟಿಯಾಗಿರಲಿಲ್ಲ ಎಂಬುದೇ ಇಲ್ಲಿನ ಕಷ್ಟ. ಕುಡಿತ, ಬೈಗುಳ, ವ್ಯಭಿಚಾರ, ದೇವದೂಷಣೆ ಇವೆಲ್ಲ ಪಾಪವೆಂದು ಆತ ನಿಜವಾಗಿಯೂ ಅತ್ತ, ನಿಜವಾಗಿಯೂ ಬಿಟ್ಟ. ಮನುಷ್ಯರನ್ನು ಮಾರುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಯಾವುದು ಪಾಪ ಎಂಬ ಪಟ್ಟಿಯನ್ನು ಹೃದಯ ಒಂದೇ ಬರೆಯುವುದಿಲ್ಲ, ಪೇಟೆಯೂ ಸೇರಿ ಬರೆಯುತ್ತದೆ. ಲಿವರ್‌ಪೂಲ್ ಪೇಟೆಯಲ್ಲಿ ಗುಲಾಮರ ಹಡಗಿನ ಕಪ್ತಾನ ಗೌರವಸ್ಥ. ನಮ್ಮ ಊರುಗಳಲ್ಲಿ ಬಡ್ಡಿ ವ್ಯಾಪಾರಿ ಮಸೀದಿಯ ಮೊದಲ ಸಫ್‌ನಲ್ಲಿ ನಿಲ್ಲುವುದನ್ನು, ಜೀತಕ್ಕಿಟ್ಟ ಧಣಿ ಜಾತ್ರೆಗೆ ಅನ್ನಸಂತರ್ಪಣೆ ಮಾಡಿಸುವುದನ್ನು ಕಂಡವರಿಗೆ ಇದು ಅರ್ಥವಾಗದ ವಿಷಯವಲ್ಲ.

1764ರಲ್ಲಿ ಆತನಿಗೆ ಪಾದ್ರಿಯ ದೀಕ್ಷೆಯಾಯಿತು. ಓಲ್ನಿ ಎಂಬ ಸಣ್ಣ ಊರಿನಲ್ಲಿ, ಕಸೂತಿ ಹೆಣೆಯುವ ಬಡವರ ನಡುವೆ, ಹದಿನಾರು ವರ್ಷ ಕಳೆದ. ಕವಿ ವಿಲಿಯಂ ಕೂಪರ್‌ನ ಸ್ನೇಹ ಅಲ್ಲಿಯದೇ. 'ಅಮೇಜಿಂಗ್ ಗ್ರೇಸ್' 1773ರ ಹೊಸವರ್ಷದ ಪ್ರವಚನಕ್ಕೆಂದು ಬರೆದ ಹಾಡು. 1779ರಲ್ಲಿ ಅಚ್ಚಾಯಿತು. ನಾವೆಲ್ಲ ಕೇಳುವ ಧಾಟಿ ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ. ತಾನು ದಾರಿ ತಪ್ಪಿದ್ದೆ, ಕುರುಡನಾಗಿದ್ದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಅದನ್ನು ಬರೆಯುವಾಗ ಗುಲಾಮರ ವ್ಯಾಪಾರದ ವಿರುದ್ಧ ಆತ ಬಹಿರಂಗವಾಗಿ ಒಂದು ಮಾತನ್ನೂ ಆಡಿರಲಿಲ್ಲ ಎಂಬುದು ಹಾಡುವ ಬಹಳ ಮಂದಿಗೆ ಗೊತ್ತಿಲ್ಲ.

ಆ ಮಾತು ಬಂದದ್ದು 1788ರಲ್ಲಿ, ಕಪ್ತಾನಗಿರಿ ಬಿಟ್ಟು 34 ವರ್ಷಗಳ ಮೇಲೆ. ಅಷ್ಟರಲ್ಲಿ ಕ್ವೇಕರ್ ಪಂಥದವರು ದನಿಯೆತ್ತಿ ಆಗಿತ್ತು. 1787ರಲ್ಲಿ ಲಂಡನ್ನಿನಲ್ಲಿ ವ್ಯಾಪಾರ ನಿಷೇಧಕ್ಕಾಗಿ ಸಂಘ ಹುಟ್ಟಿತ್ತು. 1785ರ ಕೊನೆಯಲ್ಲಿ ಧರ್ಮಸಂಕಟದಲ್ಲಿ ಬಂದ ಯುವ ಸಂಸತ್ ಸದಸ್ಯ ವಿಲ್ಬರ್‌ಫೋರ್ಸ್‌ಗೆ, ರಾಜಕೀಯ ಬಿಡಬೇಡ, ಅಲ್ಲೇ ಇದ್ದು ದೇವರ ಕೆಲಸ ಮಾಡು ಎಂದು ನ್ಯೂಟನ್ ಹೇಳಿ ಕಳಿಸಿದ್ದ. ಈಗ ತಾನೇ ಒಂದು ಸಣ್ಣ ಪುಸ್ತಕ ಬರೆದ. ತನ್ನ ಹೃದಯ ಈಗ ನಡುಗುವ ಕಸುಬಿನಲ್ಲಿ ತಾನೇ ಕೈಯಾಗಿದ್ದೆ, ಈ ತಪ್ಪೊಪ್ಪಿಗೆ ತಡವಾಗಿ ಬಂದಿದೆ ಎಂದು ಅದರಲ್ಲಿ ಹೇಳಿದ. ತಾಯಿಯೊಂದಿಗೆ ಕೊಂಡುತಂದ ಎಳೆಯ ಕೂಸು ರಾತ್ರಿ ಅತ್ತು ನಿದ್ದೆ ಕೆಡಿಸಿತೆಂದು ಹಡಗಿನ ಅಧಿಕಾರಿಯೊಬ್ಬ ಅದನ್ನು ಸಮುದ್ರಕ್ಕೆ ಎಸೆದದ್ದನ್ನು ಬರೆದ. ಬೇರೆಯವರು ಕೇಳಿದ್ದನ್ನು ಹೇಳುತ್ತಿದ್ದರು, ಈತ ಒಳಗಿನವನು. 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ನುಡಿದ. ಬ್ರಿಟನ್ ಗುಲಾಮರ ವ್ಯಾಪಾರ ನಿಲ್ಲಿಸುವ ಕಾಯ್ದೆಗೆ ಒಪ್ಪಿಗೆ ಬಿದ್ದದ್ದು 1807ರ ಮಾರ್ಚ್‌ನಲ್ಲಿ. ಅದೇ ಡಿಸೆಂಬರಿನಲ್ಲಿ, ಕಣ್ಣು ಕಾಣದ 82ರ ಮುದುಕನಾಗಿ ಆತ ತೀರಿಕೊಂಡ.

ಕನ್ನಡಕ್ಕೂ ಈತನಿಗೂ ಒಂದು ಸಣ್ಣ ಎಳೆ ಇದೆ. 1793ರಲ್ಲಿ ಬಂಗಾಳಕ್ಕೆ ಹೊರಡುವ ಮೊದಲು ನ್ಯೂಟನ್ನನನ್ನು ಕಂಡು ಸಲಹೆ ಕೇಳಿದ ವಿಲಿಯಂ ಕೇರಿಯೇ ಮುಂದೆ 1817ರಲ್ಲಿ ಶ್ರೀರಾಂಪುರದಲ್ಲಿ ಇಂಗ್ಲಿಷಿನಲ್ಲಿ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ.

ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಅಮ್ರ್ ಇಬ್ನುಲ್ ಆಸ್(ರ) ಇಸ್ಲಾಮ್ ಸ್ವೀಕರಿಸಲು ಬಂದಾಗ, ನನ್ನ ಹಿಂದಿನದೆಲ್ಲ ಕ್ಷಮಿಸಲ್ಪಡಬೇಕು ಎಂಬ ಷರತ್ತು ಇಟ್ಟರು. ಇಸ್ಲಾಮ್ ತನ್ನ ಹಿಂದಿನದನ್ನು ಕೆಡವಿಹಾಕುತ್ತದೆ ಎಂಬುದು ಪ್ರವಾದಿ(ಸ) ಕೊಟ್ಟ ಉತ್ತರದ ಸಾರ. ಪೌಲನ ಹೊಸ ಸೃಷ್ಟಿಗಿಂತ ಇದು ದೂರವಿಲ್ಲ. ಆದರೆ ವಹ್‌ಶಿಯ ಪ್ರಸಂಗವೂ ಇದೆ. ಉಹುದ್‌ನಲ್ಲಿ ಹಂಝಾ(ರ) ಅವರನ್ನು ಭರ್ಚಿ ಎಸೆದು ಕೊಂದ ಗುಲಾಮ ಆತ. ಮುಂದೆ ಇಸ್ಲಾಮ್ ಸ್ವೀಕರಿಸಿ ಬಂದಾಗ ಪ್ರವಾದಿ(ಸ) ಅವನನ್ನು ಶಿಕ್ಷಿಸಲಿಲ್ಲ. ಆದರೆ ಸಾಧ್ಯವಾದರೆ ನನ್ನ ಕಣ್ಣೆದುರು ಬಾರದಿರು ಎಂದರು. ಕ್ಷಮೆ ಪೂರ್ಣವಾಗಿತ್ತು, ಚಿಕ್ಕಪ್ಪನನ್ನು ಕಳೆದುಕೊಂಡ ನೋವೂ ಪೂರ್ಣವಾಗಿತ್ತು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ತೌಬಾದ ಷರತ್ತುಗಳಲ್ಲಿ ಪಾಪ ಬಿಡುವುದು, ಪಶ್ಚಾತ್ತಾಪ ಪಡುವುದು, ಮತ್ತೆ ಮಾಡೆನೆಂಬ ಸಂಕಲ್ಪದ ಜೊತೆಗೆ ಉಲಮಾಗಳು ಇನ್ನೊಂದನ್ನು ಸೇರಿಸಿದ್ದಾರೆ. ಪಾಪ ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದಾದರೆ ಅವನ ಹಕ್ಕನ್ನು ಹಿಂತಿರುಗಿಸಬೇಕು, ಅಥವಾ ಅವನಿಂದಲೇ ಮಾಫಿ ಪಡೆಯಬೇಕು. ಇದೇ ಹುಕೂಕುಲ್ ಇಬಾದ್. ಹುತಾತ್ಮನಿಗೆ ಎಲ್ಲವೂ ಕ್ಷಮಿಸಲ್ಪಡುತ್ತದೆ, ಸಾಲ ಒಂದನ್ನು ಬಿಟ್ಟು ಎಂಬ ಹದೀಸ್ ಇದೆ. ದರೋಡೆಕೋರನಾಗಿದ್ದು ವಲಿಯಾದ ಫುಝೈಲ್ ಇಬ್ನ್ ಇಯಾಝ್, ತಾನು ದೋಚಿದವರ ಮನೆಬಾಗಿಲಿಗೆ ಒಬ್ಬೊಬ್ಬರಾಗಿ ಹೋಗಿ ಮಾಫಿ ಕೇಳಿದ ಕತೆಯನ್ನು ಉರ್ದು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಇದು ಇಸ್ಲಾಮಿನ ಹೆಚ್ಚುಗಾರಿಕೆ ಎಂದು ನಾವು ಎದೆ ತಟ್ಟಿಕೊಳ್ಳಬೇಕಿಲ್ಲ. ಲೂಕನ ಸುವಾರ್ತೆಯ ಸುಂಕದವನು ಜಕ್ಕಾಯ ತಾನು ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಮರಳಿಸುತ್ತೇನೆಂದು ಯೇಸುವಿನ ಎದುರೇ ಹೇಳುತ್ತಾನೆ. ಮುಸ್ಲಿಮ್ ವ್ಯಾಪಾರಿಗಳೂ ಶತಮಾನಗಳ ಕಾಲ ಮನುಷ್ಯರನ್ನು ಮಾರಿದರು, ಮಾರಿದ ಹಣದಲ್ಲಿ ಹಜ್ ಮಾಡಿದವರೂ ಇದ್ದಿರಬಹುದು. ಪಾಠ ಎರಡೂ ಕಡೆ ಇತ್ತು, ಪೇಟೆಯೂ ಎರಡೂ ಕಡೆ ಇತ್ತು.

ನ್ಯೂಟನ್ ಯಾರ ಬಾಗಿಲಿಗೆ ಹೋಗಬೇಕಿತ್ತು? ಆಂಟಿಗುವಾ, ಸೇಂಟ್ ಕಿಟ್ಸ್‌ನ ಕಬ್ಬಿನ ತೋಟಗಳಲ್ಲಿ ಸಂಖ್ಯೆಗಳಾಗಿ ಮಾರಾಟವಾದವರ ಬಾಗಿಲೇ ಇರಲಿಲ್ಲ. ಅವರು ಸತ್ತಿದ್ದರು, ಇಲ್ಲವೇ ಇನ್ನೊಬ್ಬರ ಸ್ವತ್ತಾಗಿದ್ದರು. ಸಾಕ್ಷಿ ಹೇಳುವುದೊಂದೇ ಆತನ ಕೈಯಲ್ಲಿ ಉಳಿದಿದ್ದ ಮರುಪಾವತಿ. ಅದನ್ನಾತ ಮಾಡಿದ, ತಡವಾಗಿಯಾದರೂ ಮಾಡಿದ. ಬಹಳ ಕಪ್ತಾನರು ಅದನ್ನೂ ಮಾಡಲಿಲ್ಲ.

ಹೊಸ ಹುಟ್ಟಿನ ಬಾಗಿಲು ಹಡಗಿನ ಕೆಳಗಿದ್ದವರಿಗೆ ಹೇಗೆ ತೆರೆಯಿತು ಎನ್ನುವುದನ್ನೂ ನೋಡಬೇಕು. ಕ್ರೈಸ್ತನಾದ ಗುಲಾಮ ಸ್ವತಂತ್ರನಾಗುತ್ತಾನೋ ಎಂಬ ಅನುಮಾನ ಧಣಿಗಳನ್ನು ಕಾಡುತ್ತಿತ್ತು. 1667ರಲ್ಲಿ ವರ್ಜೀನಿಯಾ ವಸಾಹತು ಕಾನೂನನ್ನೇ ಮಾಡಿ, ದೀಕ್ಷಾಸ್ನಾನದಿಂದ ಗುಲಾಮನ ಸ್ಥಿತಿ ಬದಲಾಗುವುದಿಲ್ಲ ಎಂದು ಘೋಷಿಸಿತು. ಓಲಾಡಾ ಎಕ್ವಿಯಾನೊ ಎಂಬ ಹುಡುಗನಿಗೆ 1759ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಸೇಂಟ್ ಮಾರ್ಗರೆಟ್ ಚರ್ಚಿನಲ್ಲಿ ದೀಕ್ಷಾಸ್ನಾನವಾಯಿತು. ಮೂರು ವರ್ಷದ ಮೇಲೆ ಧಣಿ ಅವನನ್ನು ಮಾರಿದ. ನಾನು ದೀಕ್ಷೆ ಪಡೆದವನು, ನನ್ನನ್ನು ಮಾರುವಂತಿಲ್ಲ ಎಂದು ಹುಡುಗ ವಾದಿಸಿದ. ಹೊಸ ಕಪ್ತಾನ, ನೀನು ಬಹಳ ಇಂಗ್ಲಿಷ್ ಮಾತಾಡುತ್ತೀಯ ಎಂದು ಗದರಿಸಿದ. ಕೊನೆಗೆ 1766ರಲ್ಲಿ 40 ಪೌಂಡ್ ಎಣಿಸಿಕೊಟ್ಟು ಆತ ತನ್ನನ್ನು ತಾನೇ ಕೊಂಡುಕೊಂಡ. ಮಾರುವವನಿಗೆ ಪಶ್ಚಾತ್ತಾಪದಿಂದ ಸಿಕ್ಕ ಹೊಸ ಬದುಕು ಮಾರಲ್ಪಟ್ಟವನಿಗೆ ರೊಕ್ಕಕ್ಕೆ ಸಿಕ್ಕಿತು.

ಆದರೆ ಎಕ್ವಿಯಾನೊನನ್ನು ಬರೀ ಬಲಿಪಶುವಾಗಿ ಚಿತ್ರಿಸಿದರೆ ಅದೂ ಸುಳ್ಳಾಗುತ್ತದೆ. 1774ರಲ್ಲಿ ಆತನಿಗೂ ಆಳವಾದ ಆಧ್ಯಾತ್ಮಿಕ ಅನುಭವವಾಯಿತು, ಅದನ್ನು ಹೊಸ ಹುಟ್ಟೆಂದೇ ಬರೆದುಕೊಂಡ. ಅದಾಗಿ ಎರಡು ವರ್ಷದೊಳಗೆ ಮಧ್ಯ ಅಮೆರಿಕದ ಒಂದು ತೋಟಕ್ಕಾಗಿ ಹಡಗಿನಿಂದ ಗುಲಾಮರನ್ನು ಆರಿಸಿ ಕೊಳ್ಳಲು ಸಹಾಯ ಮಾಡಿದ. ಆರಿಸಿದ್ದು ತನ್ನದೇ ಸೀಮೆಯವರನ್ನು. 1789ರ ತನ್ನ ಆತ್ಮಕಥೆಯಲ್ಲಿ, ಗುಲಾಮಗಿರಿಯನ್ನು ಖಂಡಿಸಲೆಂದೇ ಬರೆದ ಆ ಪುಸ್ತಕದಲ್ಲಿ, ಇದನ್ನೂ ಮುಚ್ಚಿಡದೆ ಹೇಳಿದ.

ನ್ಯೂಟನ್ ಸತ್ತ ಅದೇ 1807ರಲ್ಲಿ, ಇಂದಿನ ಸೆನೆಗಲ್ ಕಡೆಯ ಉಮರ್ ಇಬ್ನ್ ಸಯೀದ್ ಎಂಬ ವಿದ್ವಾಂಸ ಸೆರೆಯಾಗಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಮಾರಾಟವಾದ. ಆಗಲೇ ಆತನಿಗೆ ಮೂವತ್ತೇಳರ ಆಸುಪಾಸು. ಸುಮಾರು 25 ವರ್ಷ ದೀನೀ ವಿದ್ಯೆ ಕಲಿತಿದ್ದವನು. ಮೊದಲ ಧಣಿಯ ಹಿಂಸೆಗೆ ಓಡಿಹೋಗಿ ಸಿಕ್ಕಿಬಿದ್ದು, ಜೈಲಿನ ಗೋಡೆಯ ಮೇಲೆ ಇದ್ದಲಿನಿಂದ ಅರಬಿಯಲ್ಲಿ ಬರೆದಾಗ ಜನ ಬೆರಗಾದರಂತೆ. ನಾರ್ತ್ ಕೆರೊಲಿನಾದ ಹೊಸ ಧಣಿಯ ಮನೆಯಲ್ಲಿ 1820ರ ಸುಮಾರಿಗೆ ದೀಕ್ಷಾಸ್ನಾನವೂ ಆಯಿತು. ಪಾದ್ರಿಗಳು ಆತನನ್ನು ಮತಾಂತರದ ಮಾದರಿಯೆಂದು ಪತ್ರಿಕೆಗಳಲ್ಲಿ ಕೊಂಡಾಡಿದರು. ಆ ದೀಕ್ಷೆ ಮನಸ್ಸಿನದೋ ಪರಿಸ್ಥಿತಿಯದೋ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ದಿಲ್‌ನ ಒಳಗಿನದನ್ನು ಬಲ್ಲವನು ಬೇರೆ ಇದ್ದಾನೆ. 1831ರಲ್ಲಿ ಆತ ಅರಬಿಯಲ್ಲಿ ತನ್ನ ಜೀವನಕತೆ ಬರೆದ. ಅದರಲ್ಲಿ ಯೇಸುವಿನ ಸ್ಮರಣೆಯಿದೆ, ಧಣಿಯ ಒಳ್ಳೆಯತನದ ಹೊಗಳಿಕೆಯೂ ಇದೆ. ಆದರೆ ಪುಸ್ತಕ ಶುರುವಾಗುವುದು ಕುರ್‌ಆನಿನ ಸೂರಃ ಅಲ್‌ಮುಲ್ಕ್‌ನಿಂದ. ಮುಲ್ಕ್ ಎಂದರೆ ಒಡೆತನ. ಎಲ್ಲ ಒಡೆತನ ಅಲ್ಲಾಹನ ಕೈಯಲ್ಲಿದೆ ಎಂದು ಸಾರುವ ಅಧ್ಯಾಯ ಅದು. ಮಾರಲ್ಪಟ್ಟ ಮನುಷ್ಯ, ಅರಬಿ ಬಾರದ ಧಣಿಯ ಕಣ್ಣೆದುರೇ, ತನ್ನ ಕತೆಯ ಬಾಗಿಲಿಗೆ ಆ ಅಧ್ಯಾಯವನ್ನು ಇಟ್ಟ.

1833ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾಯ್ದೆ ತಂದಾಗ 2 ಕೋಟಿ ಪೌಂಡ್ ಪರಿಹಾರವನ್ನೂ ಗೊತ್ತುಮಾಡಿತು. ಹಣ ಹೋದದ್ದು ಧಣಿಗಳಿಗೆ. ಗುಲಾಮರಾಗಿದ್ದವರಿಗೆ ಒಂದು ಪೈಸೆಯೂ ಇಲ್ಲ. ಉಮರ್ ಇಬ್ನ್ ಸಯೀದ್ ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ, ತೊಂಬತ್ತು ದಾಟಿದ ಮುದುಕನಾಗಿ, ಗುಲಾಮನಾಗಿಯೇ ತೀರಿಕೊಂಡ. ಗುಲಾಮಗಿರಿಯನ್ನು ಕೊನೆಗಾಣಿಸಿದ ತಿದ್ದುಪಡಿ ಅಲ್ಲಿ ಬಂದದ್ದು 1865ರ ಡಿಸೆಂಬರಿನಲ್ಲಿ. ಆತನ ಕೈಬರಹದ ಪುಟಗಳು 2017ರಿಂದ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.